ಕೂಗಳತೆ

ಬಸ್ಸು ಕೊನೆಯ ತಿರುವಿನಲ್ಲೇ ನಿಲ್ಲುತ್ತದೆ.
ಮುಂದೆ ಕಾಲುದಾರಿ. ಚೀಲದಲ್ಲಿ
ಸಂತ ಜೋಸೆಫನ ಹಬ್ಬದ ರೊಟ್ಟಿ,
ಎಳ್ಳು ಮೆತ್ತಿದ್ದು, ಇನ್ನೂ ಬೆಚ್ಚಗೆ.
ಸಿಸಿಲಿಯ ಈ ಬೋಳು ಬೆಟ್ಟಗಳಿಗೆ
ಮಾರ್ಚಿನಲ್ಲಿ ಹಸಿರು ಬರುತ್ತದೆ, ಕೆಲವೇ ದಿನ,
ಎರವಲು ತಂದ ಅಂಗಿಯ ಹಾಗೆ.

ಪೋರ್ತೆಲ್ಲಾ ಸ್ಪೀನಾ.
ಬೆಟ್ಟದ ಬೆನ್ನು ಇಲ್ಲಿ ತಗ್ಗಿ ಗಾಳಿಗೆ ದಾರಿ ಬಿಟ್ಟಿದೆ.
ಕಲ್ಲು ನೆಟ್ಟಗಿಲ್ಲ, ಎಡಕ್ಕೆ ವಾಲಿದೆ,
ಕಿವುಡ ಕಿವಿಗೊಟ್ಟ ಹಾಗೆ.
ಜೆರ್ಲಾಂಡೊ ಫಿಕಾರಾ. ರೈತ ಸಂಘದ ಕಾರ್ಯದರ್ಶಿ.
ವಯಸ್ಸು ಮೂವತ್ನಾಲ್ಕು. ಇಸವಿ ನಲವತ್ತೇಳು.
ಕೊಂದವರ ಹೆಸರು ಸಿಕ್ಕರೆ ಇರಲಿ ಎಂದು
ಕಲ್ಲುಕುಟಿಗ ಬಿಟ್ಟ ಜಾಗದಲ್ಲಿ
ಹಳದಿ ಕಲ್ಲುಹೂವು.

ಟೋಪಿಯ ಮಡಿಕೆಯಲ್ಲಿ ಒಂದು ಪಟ್ಟಿಯಿತ್ತಂತೆ.
ಧಣಿಯ ಬೀಳು ನೆಲ ಕೇಳಿದ ಎಪ್ಪತ್ತಮೂರು ಜನ,
ಅರ್ಧಕ್ಕರ್ಧ ಹೆಬ್ಬೆಟ್ಟು.
ಮಧ್ಯಾಹ್ನ ಹೇಸರಗತ್ತೆ ಒಂದೇ ಊರಿಗೆ ಬಂತು.
ತೊಟ್ಟಿಯ ನೀರು ಕುಡಿಯಿತು.
ಯಾರೂ ಅದರ ಲಗಾಮು ಹಿಡಿಯಲಿಲ್ಲ.

ನಾನು ಕೈಮುಗಿಯಲು ಬಂದವಳಲ್ಲ, ನಿಜ ಹೇಳುತ್ತೇನೆ.
ಅಳೆಯಲು ಬಂದವಳು.
ಅಗೋ ಮೇಲೆ, ಕುರಿದೊಡ್ಡಿಯ ಗೋಡೆ
ಮೊಣಕಾಲೆತ್ತರ ಉಳಿದಿದೆಯಲ್ಲ,
ಅಲ್ಲಿ ಅಂದು ನಿಂತಿದ್ದವನು ನನ್ನಜ್ಜ ಲಿಬೋರಿಯೊ.
ಕೋರ್ಟಿನ ಕಾಗದ ಹುಡುಕಿಸಿ ಓದಿದ್ದೇನೆ.
ಹನ್ನೊಂದು ಪ್ರಶ್ನೆ.
‘ಮಂಜಿತ್ತು, ಸ್ವಾಮಿ.’
ಎಷ್ಟು ಮಂಜು?
‘ಕಾಲಬುಡದ ಕುರಿ ಕಾಣದಷ್ಟು.’
ಗುಂಡಿನ ಸದ್ದು?
‘ಮಂಜಿತ್ತು, ಸ್ವಾಮಿ.’

ಆಮೇಲೆ ನಲವತ್ತು ವರ್ಷ ಬದುಕಿದ.
ಸುಡುಬಿಸಿಲಿನ ದಿನವೂ ಕಿಟಕಿಗೆ ಹೋಗಿ
ಏನೂ ಕಾಣ್ತಿಲ್ಲ ಅನ್ನುತ್ತಿದ್ದ.
ಅಜ್ಜಿ ಕೋಳಿ ಮಾರಿ ಕನ್ನಡಕ ಮಾಡಿಸಿದಳು.

ದೊಡ್ಡಿಯಿಂದ ಕಲ್ಲಿಗೆ ನೂರ ಹನ್ನೆರಡು ಹೆಜ್ಜೆ.
ನನ್ನ ಹೆಜ್ಜೆ; ಅವನದು ಉದ್ದ, ತೊಂಬತ್ತಾದೀತು.
ಹಳಬರು ಅಳೆಯುತ್ತಿದ್ದದ್ದು ಬೇರೆ ಥರ:
ಕಲ್ಲೆಸೆತ, ಕಣ್ಣಳತೆ, ಕೂಗಳತೆ.
ಮತ್ತೆ ಮೇಲೆ ಹತ್ತಿ ಕಲ್ಲೆಸೆದೆ. ದಾರಿಯಂಚಿಗೆ ತಲುಪಿತು.
ನೋಡಿದೆ. ಅಲ್ಲಿ ಯಾವಾಗಲೋ ಬಂದು ಕೂತ ಮುದುಕಿಯ
ಕಪ್ಪು ಕೋಟಿಗೆ ನಾಲ್ಕು ಗುಂಡಿ, ಒಂದು ಕಂದು.
ಕೂಗಲಿಲ್ಲ.
ಗಂಟಲ ತನಕ ಬಂದದ್ದು ಅಲ್ಲೇ ಕೂತಿತು.
ನಮ್ಮ ಮನೆತನದ್ದು ಅಲ್ಲೇ ಕೂರುತ್ತದೆ.

‘ಲಿಬೋರಿಯೊನ ಕಡೆಯವಳು ನೀನು. ಮೂಗು ಹೇಳುತ್ತೆ.’
ಕ್ರೊಚಿಫಿಸ್ಸಾ. ಜೆರ್ಲಾಂಡೊನ ಮಗಳು.
ಅಂದು ಆರು ವರ್ಷ, ಈಗ ಲೆಕ್ಕ ಬಿಟ್ಟಿದ್ದಾಳೆ.
ಸರಿದು ಜಾಗ ಕೊಟ್ಟಳು.

‘ಪ್ರತಿ ವರ್ಷ ಈ ಬೆಳಗ್ಗೆ ನಮ್ಮ ಹೊಸ್ತಿಲಲ್ಲಿ
ಬುಟ್ಟಿ ತುಂಬ ರಿಕೊಟ್ಟಾ, ಹಬೆಯಾಡುತ್ತಾ.
ಯಾರಿಟ್ಟರು ಅಂತ ಅಮ್ಮ ಕೇಳಲಿಲ್ಲ. ನಾಯಿಗೆ ಹಾಕಿದಳು.
ಮರುವರ್ಷವೂ ನಾಯಿಗೆ.
ಮೂರನೆಯ ವರ್ಷ ಹಿಟ್ಟು ತೀರಿತ್ತು.’
ಗಾಳಿ ಅವಳ ಸೆರಗುವಸ್ತ್ರ ಎಳೆದಾಡಿತು.
‘ರುಚಿಯಾಗಿತ್ತು’ ಅಂದಳು ಬಹಳ ಹೊತ್ತಿನ ಮೇಲೆ,
ಕಟಕಟೆಯಲ್ಲಿ ನಿಂತವಳಂತೆ.

ನಾನು ಕೇಳಬೇಕೆಂದದ್ದು ಒಂದೇ. ಕೇಳಲಿಲ್ಲ.
ಅವಳೇ ರೊಟ್ಟಿ ಮುರಿಯುತ್ತಾ, ಬೇರೇನೋ ಹೇಳುವಂತೆ:
‘ಅವತ್ತು ಅಮ್ಮ ಕಂಬಳಿಗಳನ್ನು ಒಗೆದು ಒಣಹಾಕಿದ್ದಳು.
ಹೇಸರಗತ್ತೆ ಬರುವಷ್ಟರಲ್ಲಿ
ಗರಿಗರಿ ಒಣಗಿದ್ದವು.’

ಎಳ್ಳು ಉದುರಿತು ಮಡಿಲಿಗೆ, ಕಲ್ಲಿಗೆ, ಹುಲ್ಲಿಗೆ.
ಇರುವೆಗಳು ಹೆಸರು ಕೇಳದೆ ಹೊತ್ತವು.

ಆಗ ಮೇಲಿನಿಂದ, ದೊಡ್ಡಿಯ ಗೋಡೆ ಹತ್ತಿ,
ಈಗಿನ ಕುರಿಗಾಹಿ, ಗ್ಯಾಂಬಿಯಾದಿಂದ ಬಂದ ಹುಡುಗ,
ಎರಡೂ ಕೈ ಬಾಯಿಗಿಟ್ಟು ಕೂಗಿದ:
ಅಮ್ಮಂದಿರೇ, ಕೊನೆಯ ಬಸ್ಸು ಐದಕ್ಕೆ!

ಒಂದಕ್ಷರವೂ ತಪ್ಪದೆ ಕೇಳಿಸಿತು.
ಅವಳು ತನ್ನ ಕೋಲು ಹುಡುಕತೊಡಗಿದಳು.