ಮೂರನೆಯ ಲೆಮ್ಮಾ

ರಾಯಬಂದರದ ಫೆರ್ರಿಯಲ್ಲಿ, ಸ್ಕೂಟರುಗಳ ಸಂದಿಯಲ್ಲಿ ನಿಂತು
ಅದೇ ಸಾಲನ್ನು ಮತ್ತೆ ಮನಸ್ಸಿನಲ್ಲೇ ಬರೆದೆ:
ಹರಿವು ಹಿಗ್ಗದು, ಕುಗ್ಗದು.
ಪ್ರತಿ ಹನಿಯೂ ತನ್ನ ಸಾಂದ್ರತೆಯನ್ನು ಹೊತ್ತೇ ಹೋಗುತ್ತದೆ
ಹೋದಲ್ಲೆಲ್ಲ.

ಇಷ್ಟು ಸರಳ. ಇಷ್ಟರ ಮೇಲೆ ಎಂಟು ತಿಂಗಳು.

ಸಾಂದ್ರತೆಗೆ ಕೆಳಗೊಂದು ಮಿತಿ ಇದ್ದರೆ, ಕೂದಲೆಳೆಯಷ್ಟಾದರೂ,
ಅಂದಾಜುಗಳು ಒಂದರ ಹೆಗಲು ಇನ್ನೊಂದು ಹಿಡಿದು ನಿಲ್ಲುತ್ತವೆ.
ಸೊನ್ನೆಯಾದ ಕಡೆ
ವೇಗದ ಬದಲಾವಣೆಯನ್ನು ಆ ಸೊನ್ನೆಯೇ ಗುಣಿಸಿ ನುಂಗುತ್ತದೆ.
ಏನೂ ಇಲ್ಲದಲ್ಲಿ ಏನು ಚಲಿಸಿತೆಂದು
ಯಾರನ್ನು ಕೇಳಲಿ?
ಮೂರನೆಯ ಲೆಮ್ಮಾ ಮುರಿಯುವುದು ಅಲ್ಲೇ. ಪ್ರತಿ ಸಲ ಅಲ್ಲೇ.

ಚೋಡಣದ ಕಟ್ಟೆಯ ಮೇಲೆ ಬೊಸ್ತ್ಯಾಂವ್ ಬಾಗಿಲು ಕಾಯುತ್ತಾನೆ,
ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುವ ಮರದ ಬಾಗಿಲು.
ಅದಕ್ಕಿಲ್ಲಿ ಮಾನಸ ಎನ್ನುತ್ತಾರೆ.
ನನ್ನ ಕನ್ನಡದ ಕಿವಿಗೆ ಮೊದಲ ದಿನ ನಗು ಬಂದಿತ್ತು:
ಮಾನಸದ ಕೀಲು ತುಕ್ಕು ಹಿಡಿದಿದೆ,
ಮಾನಸಕ್ಕೆ ಏಡಿ ತೂತು ಕೊರೆದಿದೆ,
ಹೊಸ ಹಲಗೆ ಬೇಕು, ಸಂಘದವರು ದುಡ್ಡು ಕೊಡುತ್ತಿಲ್ಲ.

'ಏನು ಲೆಕ್ಕ ನಿಂದು?' ಕೇಳಿದ.
ಸಾಂದ್ರತೆಗೆ ಕೊಂಕಣಿ ಗೊತ್ತಿಲ್ಲದೆ ಭಾರ ಎಂದೆ.
ಭಾರ ಬೇರೆ ಬೇರೆ ಇರುವ ನೀರು.
'ಅದಾ' ಎಂದು ಬೊಗಸೆಯಲ್ಲಿ ಎತ್ತಿ ಕೊಟ್ಟ: ಸಪ್ಪೆ.
ಆಮೇಲೆ ಹಗ್ಗಕ್ಕೆ ಕಟ್ಟಿದ ಫೆನ್ನಿ ಬಾಟಲಿಯನ್ನು ಆಳಕ್ಕಿಳಿಸಿ
ಬಿರಡೆಯ ದಾರ ಜಗ್ಗಿ ಮೇಲೆತ್ತಿದ:
ಉಪ್ಪು. ನಾಲಿಗೆ ಚುರ್ರೆನ್ನುವಷ್ಟು.

ಮೇಲಿನದು ಕಡಲಿಗೆ ಹೊರಟಿದೆ, ಎಲೆ ಕಡ್ಡಿ ಹೊತ್ತು.
ಅಡಿಯಲ್ಲಿ ಕಡಲು ಒಳಗೆ ಬರುತ್ತಿದೆ, ಸದ್ದಿಲ್ಲದೆ,
ಚಪ್ಪಲಿ ಕೈಯಲ್ಲಿ ಹಿಡಿದು ತಡವಾಗಿ ಮನೆಗೆ ಬಂದವರಂತೆ.
ನಡುವಿನ ಗೆರೆ ಎಲ್ಲಿ?
ತನ್ನ ತೊಡೆಗೆ ಅಂಗೈ ಅಡ್ಡ ಹಿಡಿದ. 'ಈಗ ಇಲ್ಲಿ.
ಊಟದ ಹೊತ್ತಿಗೆ', ಅಂಗೈ ಸೊಂಟಕ್ಕೇರಿತು, 'ಇಲ್ಲಿ.'
ಹರಿಯುವ ನೀರಿನೊಳಗೆ ಗೆರೆ ಹರಿದುಹೋಗುವುದಿಲ್ಲವೇ?
'ಬಾಗುತ್ತದೆ. ಸುತ್ತಿಕೊಳ್ಳುತ್ತದೆ. ಹರಿದದ್ದು ನಾನು ನೋಡಿಲ್ಲ.'
ನೋಡಿಲ್ಲ ಎಂಬುದು ಸಾಧನೆಯಲ್ಲ, ಎಂದೆ.
'ಅಲ್ಲವಲ್ಲ' ಎಂದು ಬೀಡಿ ಹಚ್ಚಿದ.

ಏಡಿಯ ತೂತಿನಿಂದ ಗುಳ್ಳೆ ಎದ್ದಿತು.
ಒಂದು. ತಡೆದು, ಇನ್ನೊಂದು.
ಒಳಗೆ ತೂಕವೇ ಇಲ್ಲ ಎನ್ನಬೇಕು,
ಆದರೂ ಓಲಾಡುತ್ತ, ಮೈ ಚಪ್ಪಟೆಯಾಗಿಸುತ್ತ
ಅದು ಏರಿದ ದಾರಿ ಸುತ್ತಲಿನ ನೀರು ಹೇಳಿದ ದಾರಿ.
ಸ್ನಿಗ್ಧತೆ ಎನ್ನುತ್ತೇವಲ್ಲ, ನೆರೆಯ ಹನಿ ನೆರೆಯ ಹನಿಯನ್ನು ಎಳೆಯುವುದು,
ಅದಕ್ಕೆ ಸಾಂದ್ರತೆಯ ಹಂಗಿಲ್ಲ.
ಎಂಟು ತಿಂಗಳು ನಾನು ಪೊಳ್ಳನ್ನೇ ಕೇಳುತ್ತಿದ್ದೆ.
ಅಂಚನ್ನು ಕೇಳಿರಲಿಲ್ಲ.

ವಾಪಸು ಫೆರ್ರಿಯಲ್ಲಿ, ಮೀನಿನ ಚೀಟಿಯ ಹಿಂದೆ
ಅಸಮತೆ ಬರೆದೆ. ಸ್ಥಿರಾಂಕಕ್ಕೆ ಜಾಗ ಸಾಲಲಿಲ್ಲ.
ಇದೂ ಮುರಿಯಬಹುದು ನಾಳೆ, ಏಳನೆಯ ಸಾಲಿನಲ್ಲೋ ಎಲ್ಲೋ.
ಚೀಲದಲ್ಲಿ ಅವನ ಬಾಟಲಿ ಉಳಿದುಬಿಟ್ಟಿದೆ,
ಅರ್ಧ ತುಂಬಿ, ಫೆರ್ರಿ ವಾಲಿದತ್ತ ವಾಲುತ್ತ.