ಎರಡು ಗ್ರಾಂ ಹಳೆಯ ಪುಡಿ

ಮುಹರ್ರಕ್‌ನ ಆಗಸ್ಟ್. ಬೆಳಗಿನ ಆರಕ್ಕೇ
ಕನ್ನಡಕ ಬೆವರುತ್ತದೆ.
ಬಿಜೇಶ್ ವ್ಯಾನಿನಿಂದ ಇಳಿಸಿದ ಹೊಸ ಗ್ರೈಂಡರಿಗೆ
ಕೂಸಿಗೆ ಕುಲಾವಿ ಕಟ್ಟಿದ ಹಾಗೆ ಪ್ಲಾಸ್ಟಿಕ್ಕು.
"ಒಂದು ವಾರ ಇಟ್ಟುಕೋ ಭಾಯಿ, ತಿರುಗಿಸಿ ನೋಡು,
ಆಮೇಲೆ ಈ ಫಾರಮ್ಮಿನಲ್ಲಿ ಐದಕ್ಕೆ ಎಷ್ಟು ಅಂತ ಬರಿ."

ಐದಕ್ಕೆ ಎಷ್ಟು.
ಸರಿ, ಮೊದಲು ಗುಂಡಿಗಳು.
ಒಂದು ಒಂಟಿ ಶಾಟಿಗೆ, ಒಂದು ಜೋಡಿಗೆ,
ಮೂರನೆಯದು ಯಾತಕ್ಕೆಂದು ಬಿಜೇಶನಿಗೂ ಗೊತ್ತಿಲ್ಲ.
ಗಾಜಿನ ಪರದೆ ಒಣ ಬೆರಳಿಗೆ ಮಾತ್ರ ಓಗೊಡುತ್ತದೆ.
ನನ್ನ ಕೈ ಈ ಊರಲ್ಲಿ ಯಾವತ್ತು ಒಣಗಿತ್ತು?
ಏಪ್ರನ್ನಿಗೆ ಒರೆಸಿ ಒತ್ತಿದೆ. ಮತ್ತೆ ಒರೆಸಿ ಒತ್ತಿದೆ.
ಎರಡು.

ಬಳೆ ಮಾತ್ರ ಚೆಂದ.
ಕಚ್ಚುಗಳಿಲ್ಲ, ಟಿಕ್ ಟಿಕ್ ಇಲ್ಲ,
ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಗುತ್ತದೆ.
ಬಲಕ್ಕೆ ನುಣ್ಣಗೆ, ಎಡಕ್ಕೆ ತರಿ.
ಕಿವಿ ಹಚ್ಚಿ ಬಲಕ್ಕೇ ಹೋದೆ,
ಒಳಗೆ ಎರಡು ಉಕ್ಕಿನ ಬಿಲ್ಲೆ ಹತ್ತಿರ, ಇನ್ನೂ ಹತ್ತಿರ,
ಆಮೇಲೊಂದು ಚೀಂ,
ಇಲಿಮರಿಯ ದನಿ. ಅದು ಸೊನ್ನೆ.
ಮುಟ್ಟಿದ್ದು ಕೇಳಿದ ಕೂಡಲೇ ಹಿಂದೆ ಸರಿಯಬೇಕು,
ಅಲ್ಲೇ ಬಿಟ್ಟರೆ ಒಂದನ್ನೊಂದು ತಿಂದುಹಾಕುತ್ತವೆ.

ಹಳೆಯದರ ಬಳೆಯಲ್ಲಿ ಅಂಕಿಗಳು ಅಳಿಸಿಹೋಗಿವೆ.
ಇರುವುದು ಉಗುರುಬಣ್ಣದ ಮೂರು ಚುಕ್ಕೆ,
ತ್ಸೆಹಾಯ್ ಇಟ್ಟದ್ದು.
ಜಿಮ್ಮಾ ಕಡೆಯವಳು, ನನಗೆ ಈ ಕೆಲಸ ಕಲಿಸಿದವಳು.
ಸರಿಯಾದ ಜಾಗ ಇದು ಎಂದು ಮೊದಲನೆಯದನ್ನಿಟ್ಟಳು.
ಉಕ್ಕು ಸವೆಯಿತು, ಸರಿಯಾದ ಜಾಗ ಬಲಕ್ಕೆ ಜರುಗಿತು.
ಎರಡನೆಯದಿಟ್ಟಳು.
ಮೂರನೆಯದು ವೀಸಾ ಮುಗಿದ ವಾರ, ಬೇರೆ ಬಣ್ಣ,
ಕೆಂಪು ಶೀಶೆ ಖಾಲಿಯಾಗಿತ್ತೋ ಏನೋ.
ಈಗ ನಾನು ಮೂರನ್ನೂ ದಾಟಿ ಅರ್ಧ ಬೆರಳು ಆಚೆ ಇದ್ದೇನೆ.
ಚುಕ್ಕೆ ಇಟ್ಟಿಲ್ಲ.

ಹೊಸದರಲ್ಲಿ ಹದಿನೆಂಟು ಗ್ರಾಂ.
ನಲವತ್ತೊಂದು ಸೆಕೆಂಡು, ತೊಟ್ಟು ತೊಟ್ಟು, ಟಾರು.
ಎಡಕ್ಕೆ ಕೂದಲಷ್ಟು ಸರಿಸಿದೆ. ಆದರೂ ನಲವತ್ತು.
ಕೊಳವೆಯಲ್ಲಿ ಹಿಂದಿನ ಅಳತೆಯ ಪುಡಿ
ಎರಡು ಗ್ರಾಂ ಕೂತೇ ಇತ್ತು.
ಬಳೆ ತಿರುಗಿಸಿದೆ ಅಂದ ಮಾತ್ರಕ್ಕೆ ಅದು ಎದ್ದು ಹೋಗುವುದಿಲ್ಲ.
ಚೆಲ್ಲಬೇಕು. ಪ್ರತಿ ಸಲ ತಿರುಗಿಸಿದ ಮೇಲೂ
ಮೊದಲ ಕಪ್ಪು ಯಾರಿಗೂ ಅಲ್ಲ.

ನಾನು ಬಂದ ಹೊಸತರಲ್ಲಿ ಮುನೀರಾ ಮೇಡಂ ಏನು ಹೇಳಿದರೂ
ಬಾಯಿಂದ "ಆಯ್ತ್ ಮಾರಾಯ್ರೆ" ಬರುತ್ತಿತ್ತು.
ಮೂರು ತಿಂಗಳು ಅವರು
ಅದೇ ನನ್ನ ಹೆಸರೆಂದು ತಿಳಿದಿದ್ದರು.

ಹನ್ನೊಂದಕ್ಕೆ ಏರ್‌ಪೋರ್ಟಿನ ಲೋಡರುಗಳು ಬಂದರು.
ಬಾಗಿಲು ತೆರೆದಷ್ಟು ಹೊತ್ತು ಸಮುದ್ರವೂ ಬಂತು.
ಇಪ್ಪತ್ತೆಂಟಕ್ಕೆ ತಂದು ನಿಲ್ಲಿಸಿದ್ದೆ,
ಮೂವತ್ತಮೂರಾಯಿತು.
ಬೀಜಕ್ಕೆ ಸೆಕೆ ತಗುಲಿದರೆ ನೀರು ತಡೆದು ತಡೆದು ಇಳಿಯುತ್ತದೆ,
ನಾವೂ ಮಧ್ಯಾಹ್ನ ಹಾಗೇ ನಡೆಯುವುದು.
ಎಡಕ್ಕೆ. ಚೆಲ್ಲು. ಎಡಕ್ಕೆ. ಚೆಲ್ಲು.
ಸಿಂಕಿನ ಬಾಯಿ ಕಪ್ಪಾಯಿತು.
ಏಳನೆಯದನ್ನು ಒಬ್ಬ ಲೋಡರನಿಗೆ ಪುಕ್ಕಟೆ ಕೊಟ್ಟೆ.
ಅವನು ಸಕ್ಕರೆ ನಾಲ್ಕು ಚಮಚ ಹಾಕಿ ಕುಡಿದು
ಫಸ್ಟ್ ಕ್ಲಾಸ್ ಅಂದ.

ಸಂಜೆ ಮೇಡಂ ಲೆಕ್ಕದ ಪುಸ್ತಕ ಬಿಡಿಸಿ ಕೇಳಿದರು, "ಕೊಳ್ಳೋಣವಾ?"
"ಬಳೆಗೆ ಐದು ಮೇಡಂ. ಪರದೆಗೆ ಎರಡು.
ಕೊಳವೆ ಎರಡು ಗ್ರಾಂ ಹಿಡಿದಿಟ್ಟುಕೊಳ್ಳುತ್ತೆ."
"ಹಳೆಯದು?"
"ಅದೂ ಹಿಡಿದಿಟ್ಟುಕೊಳ್ಳುತ್ತೆ.
ಬಿಲ್ಲೆ ಬದಲಿಸಿದರೆ ಇನ್ನೂ ನಾಲ್ಕು ವರ್ಷ. ಇಪ್ಪತ್ತಾರು ದಿನಾರು."

ಹೊಸ ಬಿಲ್ಲೆ ಕೂತರೆ, ಲೆಕ್ಕದ ಪ್ರಕಾರ,
ಸರಿಯಾದ ಜಾಗ ಮೊದಲ ಚುಕ್ಕೆಯ ಆಸುಪಾಸಿಗೆ
ವಾಪಸು ಬರಬೇಕು.
ಅದನ್ನು ಮೇಡಂಗೆ ಹೇಳಲಿಲ್ಲ.
ಫಾರಮ್ಮಿನಲ್ಲಿ ಅದಕ್ಕೆ ಮನೆಯೂ ಇರಲಿಲ್ಲ.