ಹದಿನೇಳನೇ ಕಿಂಡಿ

ಹಾಸನದ ದೊಡ್ಡಾಸ್ಪತ್ರೆ. ಮೆಟ್ಟಿಲಡಿಯ ಬೀರು,
ಫಿನಾಯಿಲ್ ವಾಸನೆ, ಒಳಗೆ ಇಪ್ಪತ್ನಾಲ್ಕು ಕಿಂಡಿಯ ಸ್ವಿಚ್ಚು.
ರಾತ್ರಿ ಮೂರೂ ಹತ್ತಕ್ಕೆ
ಹಸಿರು ದೀಪಗಳಿಗೆಲ್ಲ ಒಮ್ಮೆಲೇ ಚಳಿಜ್ವರ.

ಸೈಕಲ್ ಸ್ಟ್ಯಾಂಡಿನ ಕ್ಯಾಮೆರಾಕ್ಕೆ ಯಾವುದೋ ದೆವ್ವ ಮೆಟ್ಟಿಕೊಂಡಿತ್ತು.
ನೀನ್ಯಾರು ನೀನೆಲ್ಲಿ ನೀನ್ಯಾರು
ಒಂದೇ ಉಸಿರಿಗೆ ಅರವತ್ತು ಸಾವಿರ ಸಲ,
ಸಲಕ್ಕೊಂದು ಸುಳ್ಳು ಹೆಸರು.
ಉತ್ತರ ಅದಕ್ಕೆ ಬೇಕಿರಲಿಲ್ಲ,
ಬೇರೆ ಯಾರಿಗೂ ಸಿಗಬಾರದು, ಅಷ್ಟೆ.

ಸ್ವಿಚ್ಚಿಗೆ ಸಿಟ್ಟು ಬರಲಿಲ್ಲ. ಅದಕ್ಕೆ ಬರುವುದು ಎಣಿಕೆ ಒಂದೇ.
ಹೆರಿಗೆ ವಾರ್ಡಿನ ಗೇಟು ಕಾಯುವ ಸಣ್ಣೇಗೌಡರ ಹಾಗೆ:
ಒಂದು ಚೀಟಿಗೆ ಒಬ್ಬರು,
ಅರಕಲಗೂಡಿಂದ ನಡೆದು ಬಂದರೂ ಅಷ್ಟೆ,
ಡಾಕ್ಟರ ಭಾವಮೈದನಾದರೂ ಅಷ್ಟೆ.
ಎಣಿಸಿತು. ಮೊದಲು ಮೊರದಲ್ಲಿ ಕೇರಿದಂತೆ ಹೆಚ್ಚಿನದನ್ನು ಹಾರಿಸಿತು.
ಮತ್ತೂ ನುಗ್ಗಿದಾಗ
ಹದಿನೇಳನೇ ಕಿಂಡಿಯ ಬಾಗಿಲೇ ಹಾಕಿತು.
ದೀಪ ಕಿತ್ತಳೆಗೆ ತಿರುಗಿ ನಿಂತಿತು.

ಐಸಿಯು ಪರದೆಗಳು ಉಸಿರು ಬಿಟ್ಟವು.
ನಾನೂ.

ಆಮೇಲೆ ನೆನಪಾಯಿತು:
ಹೋದ ವರ್ಷ ತಂತಿ ಸಾಲದೆ
ಅದೇ ಕಿಂಡಿಗೆ ಅಗ್ಗದ ಡಬ್ಬಿಯೊಂದನ್ನು ಸಿಕ್ಕಿಸಿ
ರಕ್ತನಿಧಿಯ ಕಂಪ್ಯೂಟರನ್ನೂ ಜೋಡಿಸಿದವನು ನಾನೇ.
ಕೂಗುವವನ ಬಾಯಿ ಮುಚ್ಚಿದಾಗ
ಅವನ ಬೆನ್ನ ಹಿಂದೆ ಮೆಲ್ಲಗೆ ಮಾತಾಡುತ್ತಿದ್ದವಳದ್ದೂ ಮುಚ್ಚಿತ್ತು.
ಸ್ವಿಚ್ಚಿನ ತಪ್ಪಲ್ಲ. ಕಿಂಡಿಗೆ ಮುಖ ಕಾಣುವುದಿಲ್ಲ.

ಶಾಹಿದಾ ಮೇಡಂ ಇಂಜೆಕ್ಷನ್ ಡಬ್ಬದ ರಟ್ಟು ಹರಿದು ಬರೆದರು:
ಓ ನೆಗೆಟಿವ್, ಎರಡು ಬಾಟಲಿ, ತಾಳೆಯಾಗಿದೆ.
ಬೀರು ತೆರೆದೇ ಬಿಟ್ಟು ಮೂರು ಮಹಡಿ ಓಡಿದೆ.

ಗೇಟಿನಲ್ಲಿ ಸಣ್ಣೇಗೌಡರು ಕೈ ಅಡ್ಡ ಹಿಡಿದರು.
"ಚೀಟಿ?"

ತೋರಿಸಿದೆ.